ನೋಟಕ್ಕೆ ಒಂದೇ, ಅರ್ಥಕ್ಕೆ ಬೇರೆ: ರಾಯದುರ್ಗ–ಮಡಕಶಿರಾ ಸೀಮೆಯ ಮಕ್ಕಳು ಮತ್ತು ಕನ್ನಡ–ತೆಲುಗು ಪದಗಳ ತೊಡಕು

ತೆಲುಗಿನಲ್ಲಿ ‘ಬಡಿ’ ಎಂದರೆ ಶಾಲೆ. ಕನ್ನಡದಲ್ಲಿ ‘ಬಡಿ’ ಎಂದರೆ ಹೊಡೆ. ತೆಲುಗು ಮನೆಯ ತಾಯಿ ಮಗುವಿಗೆ ‘ಬಡಿಕಿ ಪೋ’ ಎಂದರೆ ಶಾಲೆಗೆ ಹೋಗೆಂದು ಅರ್ಥ. ಪಕ್ಕದ ಮನೆಯ ಕನ್ನಡ ಮಗುವಿಗೆ ಆ ಮಾತಿನಿಂದ ಬಡಿಗೆಯ ನೆನಪಾದರೆ ಅದು ಮಗುವಿನ ತಪ್ಪಲ್ಲ. ಶಾಲೆ ಮುಗಿಸಿ ಬಂದ ಮೇಲೆ ‘ಅನ್ನಂ ಪೆಟ್ಟು’ ಎಂಬ ಮಾತು ಕಿವಿಗೆ ಬೀಳುತ್ತದೆ. ತೆಲುಗಿನಲ್ಲಿ ಅದು ಅನ್ನ ಬಡಿಸೆಂಬ ಅಕ್ಕರೆಯ ಮಾತು. ಕನ್ನಡದಲ್ಲಿ ಪೆಟ್ಟು ಎಂದರೆ ಏಟು. ಇನ್ನು ತೆಲುಗು ಹುಡುಗನು ‘ಅಯ್ಯವಾರು ಕೊಟ್ಟಿನಾರು’ ಎಂದು ಅಳುತ್ತಾ ಬಂದರೆ, ಕನ್ನಡ ಗೆಳೆಯನು ‘ಮೇಷ್ಟ್ರು ಏನು ಕೊಟ್ಟರು?’ ಎಂದು ಆಸೆಯಿಂದ ಕೇಳಬಹುದು. ತೆಲುಗಿನ ‘ಕೊಟ್ಟು’ ಹೊಡೆಯುವುದು. ಕನ್ನಡದ ‘ಕೊಟ್ಟು’ ದಾನ ಮಾಡಿ ಮುಗಿಸಿದ್ದು.

ಇಂತಹ ಮಾತುಗಳನ್ನು ನಮ್ಮ ಸೀಮೆಯ ಉಪಾಧ್ಯಾಯರು ವಿನೋದಕ್ಕಾಗಿ ಹೇಳಿಕೊಳ್ಳುವುದುಂಟು. ಆದರೆ ಉಪಾಧ್ಯಾಯರ ಕೊಠಡಿಯಲ್ಲಿ ವಿನೋದವೆನಿಸಿದ್ದು ಉತ್ತರ ಪತ್ರಿಕೆಯಲ್ಲಿ ತಪ್ಪೆನಿಸುತ್ತದೆ; ತಪ್ಪೆನಿಸಿದ್ದು ಕ್ರಮೇಣ ದಡ್ಡತನವೆನಿಸುತ್ತದೆ. ಎರಡು ನುಡಿಗಳ ನಡುವೆ ಬೆಳೆಯುವ ಮಗು ಎಡವುವುದು ಎಲ್ಲಿ, ಏಕೆ, ಅದಕ್ಕೆ ನಾವು ಮಾಡತಕ್ಕುದೇನು ಎಂಬುದನ್ನು ಈ ಲೇಖನದಲ್ಲಿ ಯಥಾಶಕ್ತಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ಎರಡು ನುಡಿಗಳ ನೆಲ

ರಾಯದುರ್ಗ, ಮಡಕಶಿರಾಗಳಲ್ಲಿ ಕನ್ನಡವೂ ತೆಲುಗೂ ಒಂದೇ ಬಾವಿಯ ನೀರು ಕುಡಿದು ಬಾಳುತ್ತಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಮಡಕಶಿರಾ ಸೀಮೆಯ ಅಮರಾಪುರಂ ಮಂಡಲದಲ್ಲಿರುವ ಹೇಮಾವತಿಯು ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿತ್ತು. ಅಲ್ಲಿಯ ಶಾಸನಗಳಲ್ಲಿ ಕನ್ನಡವನ್ನು ಕಾಣುತ್ತೇವೆ. ರಾಯದುರ್ಗ ಸೀಮೆಯ ಡಿ. ಹಿರೇಹಾಳ್, ಬೊಮ್ಮನಹಾಳ್, ಕಣೇಕಲ್ಲು ಎಂಬ ಊರ ಹೆಸರುಗಳನ್ನು ಓದಿದವರಿಗೆ ಆ ನೆಲದ ಮಾತು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಆಡಳಿತದ ಗೆರೆಗಳಾದರೋ ಹಲವು ಸಲ ಬದಲಾದವು. ೧೮೮೨ರಲ್ಲಿ ಹಳೆಯ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಮಡಕಶಿರಾ ಅದಕ್ಕೆ ಸೇರಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. ೧೯೫೩ನೆಯ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಉಳಿದ ಭಾಗ ಮೈಸೂರಿಗೆ ಬಂತು. ರಾಯದುರ್ಗವು ಅನಂತಪುರ ಜಿಲ್ಲೆಯನ್ನು ಸೇರಿದ್ದು ಆಗಲೇ. ೨೦೨೨ನೆಯ ಏಪ್ರಿಲ್ ೪ರಿಂದ ಮಡಕಶಿರಾ ಹೊಸದಾದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ರಾಯದುರ್ಗ ಅನಂತಪುರದಲ್ಲಿಯೇ ಮುಂದುವರಿದಿದೆ. ಗೆರೆ ಎಲ್ಲಿ ಹಾಯ್ದರೂ ಮನೆಯ ಮಾತು ಮನೆಯಲ್ಲೇ ಇತ್ತು. ೧೯೫೬ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯಲು ಅನುಕೂಲ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿದೆ.

ಇದಕ್ಕೂ ಹಿಂದಿನ ಒಂದು ಲೆಕ್ಕ ಉಪಾಧ್ಯಾಯ ಬಂಧುಗಳಿಗೆ ಸ್ವಾರಸ್ಯವೆನಿಸೀತು. ೧೮೨೩ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬವರು ತಮ್ಮ ಜಿಲ್ಲೆಯ ಶಾಲೆಗಳನ್ನು ಎಣಿಸಿ ಮದರಾಸಿಗೆ ವರದಿ ಕಳುಹಿಸಿದರು. ಅಂದಿನ ಬಳ್ಳಾರಿ ಜಿಲ್ಲೆಯೆಂದರೆ ಇಂದಿನ ಅನಂತಪುರದ ಸೀಮೆಯೂ ಒಳಗೊಂಡ ವಿಶಾಲ ಪ್ರದೇಶ. ಒಟ್ಟು ೫೩೩ ಶಾಲೆಗಳು, ೬,೬೪೧ ವಿದ್ಯಾರ್ಥಿಗಳು. ಅವುಗಳಲ್ಲಿ ಕನ್ನಡ ಶಾಲೆಗಳು ೨೩೫, ತೆಲುಗು ಶಾಲೆಗಳು ೨೨೬. ಮಿಕ್ಕವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನೂ ಅವರು ಬರೆದಿದ್ದಾರೆ. ಈ ಕ್ಯಾಂಬೆಲ್ಲರೇ ೧೮೧೬ರಲ್ಲಿ ತೆಲುಗು ವ್ಯಾಕರಣವೊಂದನ್ನು ಪ್ರಕಟಿಸಿದ್ದರು. ಎರಡು ನುಡಿಗಳ ಶಾಲೆಗಳು ಹೀಗೆ ಸರಿಸಮವಾಗಿ ನಿಂತಿದ್ದ ನೆಲ ನಮ್ಮದು. ಆದ್ದರಿಂದ ಪದಗಳ ಈ ಗೊಂದಲವೂ ಹಳೆಯದೇ ಆಗಿರಬೇಕು.

ಹೋಲಿಕೆ ಎಲ್ಲಿಂದ ಬಂತು?

ಕನ್ನಡ, ತೆಲುಗು ಎರಡೂ ದ್ರಾವಿಡ ವರ್ಗದ ಭಾಷೆಗಳು. ಆದರೆ ಲಿಪಿಗಳ ಹೋಲಿಕೆಯನ್ನು ಕಂಡು ಅನೇಕರು ಎಣಿಸುವಂತೆ ಇವು ಒಡಹುಟ್ಟಿದ ಜೋಡಿಯಲ್ಲ. ಭಾಷಾಶಾಸ್ತ್ರಜ್ಞರು ಕನ್ನಡವನ್ನು ತಮಿಳು ಮಲೆಯಾಳಗಳೊಡನೆ ದಕ್ಷಿಣ ಶಾಖೆಗೆ ಸೇರಿಸುತ್ತಾರೆ. ತೆಲುಗನ್ನು ದಕ್ಷಿಣ-ಮಧ್ಯ ಶಾಖೆಗೆ ಸೇರಿಸುತ್ತಾರೆ. ರಕ್ತಸಂಬಂಧದಲ್ಲಿ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು, ನೆರೆಹೊರೆಯಲ್ಲಿ ಒಂದೇ ಅಂಗಳದವರು ಎಂದರೆ ಸರಿಹೋದೀತು. ಲಿಪಿ ಬಹುಕಾಲ ಒಂದಾಗಿತ್ತು. ಸಂಸ್ಕೃತದಿಂದ ಎರಡೂ ಧಾರಾಳವಾಗಿ ಪದಗಳನ್ನು ತೆಗೆದುಕೊಂಡವು.

ಎರಡರ ಮೂಲಪದಗಳನ್ನು ಹೋಲಿಸಿದರೆ ಕೆಲವು ನಿಯಮಗಳು ಸುಲಭವಾಗಿ ತೋರುತ್ತವೆ.

ಒಂದನೆಯದು: ತೆಲುಗಿನ ಮೊದಲ ಪಕಾರಕ್ಕೆ ಹೊಸಗನ್ನಡದಲ್ಲಿ ಹಕಾರ ಬರುತ್ತದೆ. ಪಾಲು–ಹಾಲು, ಪಾಮು–ಹಾವು, ಪುಲಿ–ಹುಲಿ, ಪಂದಿ–ಹಂದಿ, ಪಲ್ಲೆ–ಹಳ್ಳಿ. ಹಳಗನ್ನಡದಲ್ಲಿ ನಮಗೂ ಪಕಾರವೇ ಇತ್ತು. ಪಂಪನ ಕಾಲದವರು ಪಾಲ್, ಪುಲಿ ಎಂದೇ ಬರೆಯುತ್ತಿದ್ದರು. ಅದು ಹಕಾರವಾದದ್ದು ಆಮೇಲೆ.

ಎರಡನೆಯದು: ಇ, ಎ ಸ್ವರಗಳ ಹಿಂದೆ ಕನ್ನಡದ ಕಕಾರಕ್ಕೆ ತೆಲುಗಿನಲ್ಲಿ ಚಕಾರ. ಕೆರೆ–ಚೆರುವು, ಕಿವಿ–ಚೆವಿ, ಕೆಡು–ಚೆಡು, ಕಿಚ್ಚು–ಚಿಚ್ಚು.

ಮೂರನೆಯದು: ತೆಲುಗಿನ ವಕಾರಕ್ಕೆ ಕನ್ನಡದಲ್ಲಿ ಬಕಾರ. ವೇರು–ಬೇರು, ವೇಪ–ಬೇವು, ವೆನ್ನ–ಬೆಣ್ಣೆ, ವೆಂಡಿ–ಬೆಳ್ಳಿ, ವಿತ್ತು–ಬಿತ್ತು.

ನಾಲ್ಕನೆಯದು: ಕನ್ನಡದ ಪದಾಂತ್ಯದ ಎಕಾರಕ್ಕೆ ತೆಲುಗಿನಲ್ಲಿ ಅಕಾರ. ತಲೆ–ತಲ, ಬಲೆ–ವಲ, ಹೊಗೆ–ಪೊಗ, ಮೊನ್ನೆ–ಮೊನ್ನ.

ಈ ನಿಯಮಗಳನ್ನು ಪಾಠವಾಗಿ ಕಲಿಸುವ ಮುಂಚೆಯೇ ನಮ್ಮ ಮಕ್ಕಳು ಬಳಕೆಯಿಂದ ಬಲ್ಲರು. ಬಳ್ಳಾರಿಯ ಕಡೆಯಿಂದ ಬಂದ ಹುಡುಗನು ಕಿವಿಯ ಅಂದಾಜಿನಿಂದಲೇ ನಾಲ್ಕು ತಿಂಗಳಲ್ಲಿ ತೆಲುಗು ಮಾತನಾಡತೊಡಗುವುದು ಇದರ ಬಲದಿಂದಲೇ. ಆದರೆ ಈ ಬಲವೇ ಅವನನ್ನು ಬೀಳಿಸುವುದೂ ಉಂಟು. ‘ಪನಿ’ ಎಂದು ಕೇಳಿದವನು ಪಕಾರವನ್ನು ಹಕಾರ ಮಾಡಿ ‘ಹನಿ’ ಎಂದುಕೊಂಡರೆ ಕೆಟ್ಟಿತು. ತೆಲುಗಿನ ಪನಿ ಎಂದರೆ ಕೆಲಸ. ‘ಪನ್ನು’ ಎಂಬುದನ್ನು ‘ಹಣ್ಣು’ ಎಂದರೆ ಇನ್ನೂ ಕೆಟ್ಟಿತು; ಅದು ಹಲ್ಲು, ಮತ್ತೊಂದು ಅರ್ಥದಲ್ಲಿ ತೆರಿಗೆ. ಹಣ್ಣಿಗೆ ತೆಲುಗಿನಲ್ಲಿ ‘ಪಂಡು’. ಇಷ್ಟು ಸಾಲದೆಂಬಂತೆ ಬಹುವಚನದಲ್ಲಿ ಹಲ್ಲುಗಳಿಗೂ ‘ಪಳ್ಳು’, ಹಣ್ಣುಗಳಿಗೂ ‘ಪಳ್ಳು’. ತೆಲುಗಿನ ‘ಪಾಡು’ ಹಾಡುವುದೂ ಹೌದು, ಹಾಳಾದದ್ದೂ ಹೌದು. ನಿಯಮ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗಿರುವವರು ಯಾರೆಂಬುದನ್ನು ವಾಕ್ಯವೇ ಹೇಳಬೇಕು.

ಮನೆ, ಹೊಲ, ಕೆರೆಯ ಪದಗಳು

ಮಗುವಿಗೆ ಮೊದಲು ಎದುರಾಗುವುದು ಮನೆಮಾತಿನ ಪದಗಳು. ತೆಲುಗಿನಲ್ಲಿ ‘ಮನ’ ಎಂದರೆ ನಮ್ಮ, ‘ಇಲ್ಲು’ ಎಂದರೆ ಮನೆ. ‘ಇದಿ ಮನ ಇಲ್ಲು’ ಎಂದು ತೆಲುಗಿನವನು ಹೆಮ್ಮೆಯಿಂದ ತೋರಿಸಿದರೆ, ಹೊಸದಾಗಿ ಬಂದ ಕನ್ನಡಿಗನ ಕಿವಿಗೆ ‘ಮನೆ ಇಲ್ಲ’ ಎಂದು ಕೇಳಿಸುವುದು ಅಸಂಭವವಲ್ಲ.

ಎತ್ತಿನ ವಿಷಯ ನೋಡಿ. ತೆಲುಗಿನಲ್ಲಿ ಎತ್ತಿಗೆ ‘ಎದ್ದು’ ಎನ್ನುತ್ತಾರೆ. ಕನ್ನಡದಲ್ಲಿ ಎದ್ದು ಎಂದರೆ ಮೇಲೇಳುವ ಕೆಲಸ. ಕನ್ನಡದ ‘ಎತ್ತು’ ಪ್ರಾಣಿಯೂ ಹೌದು, ಮೇಲಕ್ಕೆತ್ತುವುದೂ ಹೌದು. ತೆಲುಗಿನ ‘ಎತ್ತು’ ಮೇಲಕ್ಕೆತ್ತುವುದೂ ಹೌದು, ಎತ್ತರವೂ ಹೌದು, ಆದರೆ ಪ್ರಾಣಿಯಲ್ಲ.

ಇನ್ನು ‘ಆವು’. ತೆಲುಗಿನಲ್ಲಿ ಇದು ಹಸು. ನಮ್ಮ ಹಳ್ಳಿಗಳ ಕನ್ನಡದಲ್ಲಿ ಪದದ ಮೊದಲ ಹಕಾರ ನಾಲಗೆಯಲ್ಲಿ ನಿಲ್ಲುವುದಿಲ್ಲ. ಹಾಲು ‘ಆಲು’ ಆಗುತ್ತದೆ, ಹಾವು ‘ಆವು’ ಆಗುತ್ತದೆ. ‘ಕೊಟ್ಟಿಗೇಲಿ ಆವು ಐತೆ’ ಎಂದು ಕನ್ನಡ ಹುಡುಗ ಓಡಿಬಂದರೆ, ತೆಲುಗು ಹುಡುಗನಿಗೆ ಗಾಬರಿಯ ಕಾರಣವೇ ತಿಳಿಯದು; ಕೊಟ್ಟಿಗೆಯಲ್ಲಿ ಹಸುವಿಲ್ಲದೆ ಇನ್ನೇನಿರಬೇಕು? ಇಲ್ಲಿ ಹಕಾರದ ಉಚ್ಚಾರಣೆ ಪಂಡಿತರ ಮಡಿವಂತಿಕೆಯ ವಿಷಯವಲ್ಲ, ಪ್ರಾಣದ ವಿಷಯ. ಸ್ಪಷ್ಟವಾಗಿ ‘ಹಾವು’ ಎನ್ನಲು ಅಭ್ಯಾಸ ಮಾಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನಮಗೆ ತೋರದು.

ಮಳೆ ಅಪರೂಪವಾದ ಈ ಸೀಮೆಯಲ್ಲಿ ಕೆರೆ ಕೋಡಿ ಬೀಳುವುದೆಂದರೆ ಹಬ್ಬ. ಕನ್ನಡದಲ್ಲಿ ‘ಕೋಡಿ’ ಎಂದರೆ ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗ. ತೆಲುಗಿನಲ್ಲಿ ‘ಕೋಡಿ’ ಎಂದರೆ ಕೋಳಿ. ಅಂತೆಯೇ ಕನ್ನಡದ ‘ಗುಡ್ಡ’ ಬೆಟ್ಟ, ತೆಲುಗಿನ ‘ಗುಡ್ಡ’ ಬಟ್ಟೆ. ತೆಲುಗಿನ ‘ಕೊಂಡ’ ಬೆಟ್ಟ. ಪೆನುಕೊಂಡದ ಹೆಸರಿನಲ್ಲಿರುವುದು ಅದೇ. ಕನ್ನಡದ ‘ಕೊಂಡ’ ಕ್ರಯಕ್ಕೆ ತೆಗೆದುಕೊಂಡದ್ದು, ಇಲ್ಲವೆ ಜಾತ್ರೆಯಲ್ಲಿ ಹಾಯುವ ಕೆಂಡದ ಕುಳಿ. ತೆಲುಗಿನ ‘ಕಟ್ಟೆ’ ಒಲೆಗೆ ಹಾಕುವ ಸೌದೆ. ಕನ್ನಡದ ‘ಕಟ್ಟೆ’ ಅರಳಿಮರದ ಕೆಳಗೆ ಹಿರಿಯರು ಕೂಡುವ ಜಗಲಿ. ‘ಕಟ್ಟೆಯನ್ನು ಒಲೆಗೆ ಹಾಕಿದೆನು’ ಎಂದು ಮಗು ಬರೆದರೆ ನಕ್ಕು ಬಿಡುವ ಮೊದಲು ಅದರ ಮನೆಮಾತು ಯಾವುದೆಂದು ಕೇಳುವುದು ಲೇಸು.

ಇನ್ನೂ ಕೆಲವು: ‘ಮಾಟ’ ತೆಲುಗಿನಲ್ಲಿ ಮಾತು, ಕನ್ನಡದಲ್ಲಿ ಮಾಟ ಮಂತ್ರದ ಮಾಟ. ‘ಮರಿ’ ತೆಲುಗಿನಲ್ಲಿ ‘ಮತ್ತೆ’ ಎಂಬ ಅರ್ಥ ಕೊಡುತ್ತದೆ. ಕನ್ನಡದಲ್ಲಿ ಕುರಿಮರಿ, ಆನೆಮರಿ. ‘ಸಾಕು’ ತೆಲುಗಿನಲ್ಲಿ ನೆಪ. ಕನ್ನಡದಲ್ಲಿ ಬಡಿಸುವವರನ್ನು ತಡೆಯುವ ಮಾತು. ‘ಅಡುಗು’ ತೆಲುಗಿನಲ್ಲಿ ಕೇಳು. ಕನ್ನಡದಲ್ಲಿ ‘ಅಡಗು’ ಅವಿತುಕೊಳ್ಳು. ‘ತಿಂಡಿ’ ತೆಲುಗಿನಲ್ಲಿ ಆಹಾರವೆಲ್ಲವೂ. ಕನ್ನಡದಲ್ಲಿ ಊಟವಲ್ಲದ ಲಘು ಉಪಾಹಾರ ಮಾತ್ರ. ‘ನಿನ್ನ’ ತೆಲುಗಿನಲ್ಲಿ ಕಳೆದ ದಿನ; ಕನ್ನಡದಲ್ಲಿ ಎದುರಿಗಿರುವವನಿಗೆ ಸೇರಿದ್ದು. ಕೊನೆಯದರ ಮೂಲ ನಮ್ಮ ನಾಲ್ಕನೆಯ ನಿಯಮ. ಕನ್ನಡದ ‘ನಿನ್ನೆ’ ತೆಲುಗಿನಲ್ಲಿ ‘ನಿನ್ನ’ ಆಗುವುದರಿಂದ, ತೆಲುಗು ಬಲ್ಲ ಮಗು ಕನ್ನಡದಲ್ಲಿ ‘ನಿನ್ನ ಶಾಲೆಗೆ ಬರಲಿಲ್ಲ’ ಎಂದು ಬರೆಯುತ್ತದೆ. ಅದು ಬರೆದದ್ದು ಕಾಗುಣಿತದ ತಪ್ಪಲ್ಲ, ಇನ್ನೊಂದು ಭಾಷೆಯ ಸರಿ.

ಸಂಸ್ಕೃತ ಪದಗಳು

ದೇಶ್ಯ ಪದಗಳ ತೊಡಕು ಬೇಗ ಬಯಲಾಗುತ್ತದೆ. ಕೋಡಿಯನ್ನು ಕೋಳಿಯೆಂದುಕೊಂಡರೆ ಮರುಗಳಿಗೆಯಲ್ಲಿ ತಿಳಿದುಹೋಗುತ್ತದೆ. ಸಂಸ್ಕೃತದಿಂದ ಬಂದ ಪದಗಳ ತೊಡಕು ಹಾಗಲ್ಲ. ಅವು ಎರಡೂ ಕಡೆ ಗೌರವದ ಉಡುಪಿನಲ್ಲಿ ಬರುತ್ತವೆ. ವಾಕ್ಯವೂ ಅರ್ಥವಾದಂತೆಯೇ ತೋರುತ್ತದೆ. ಮೋಸ ಹೋದದ್ದೇ ತಿಳಿಯುವುದಿಲ್ಲ. ಆದುದರಿಂದ ಇವೇ ಹೆಚ್ಚು ಅಪಾಯಕರ.

‘ಅವಸರ’ ಎಂಬ ಪದವನ್ನು ಮೊದಲು ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಇದಕ್ಕೆ ಸಮಯ, ಸಂದರ್ಭ ಎಂದು ಅರ್ಥ. ಕನ್ನಡದಲ್ಲಿ ಅದು ಆತುರವಾಯಿತು; ತೆಲುಗಿನಲ್ಲಿ ಅಗತ್ಯವಾಯಿತು. ಆಸ್ಪತ್ರೆಯಲ್ಲಿ ವೈದ್ಯರು ‘ಆಪರೇಷನ್ ಅವಸರಂ ಲೇದು’ ಎಂದು ಹೇಳಿದರೆನ್ನಿ. ಶಸ್ತ್ರಚಿಕಿತ್ಸೆಯೇ ಬೇಕಿಲ್ಲ ಎಂಬುದು ಅವರ ಮಾತು. ಕನ್ನಡದ ತಾಯಿ ಅದನ್ನು ‘ಅವಸರವಿಲ್ಲ, ನಿಧಾನವಾಗಿ ಮಾಡಿದರಾಯಿತು’ ಎಂದು ತಿಳಿದು, ಇಲ್ಲದ ಖರ್ಚಿಗೆ ಸಾಲ ಹುಡುಕುತ್ತಾ ಹೊರಟರೆ ಆಶ್ಚರ್ಯವಿಲ್ಲ. ತಿರುಗುಮುರುಗಾಗಿ, ಕನ್ನಡದವಳು ‘ಅವಸರ ಇದೆ, ಬೇಗ ನೋಡಿ’ ಎಂಬ ಆತುರದಲ್ಲಿ ‘ಅವಸರಂ’ ಎಂದಷ್ಟೇ ಹೇಳಿದರೆ, ಕೇಳಿದವರಿಗೆ ಏನೋ ಬೇಕಾಗಿದೆ ಎಂದು ತಿಳಿದೀತೇ ಹೊರತು ತ್ವರೆ ತಿಳಿಯದು.

ಪ್ರಶ್ನಪತ್ರಿಕೆಗೆ ಬರೋಣ. ‘ಈ ಕ್ರಿಂದಿ ಪ್ರಶ್ನಲಕು ಸಮಾಧಾನಾಲು ರಾಯಂಡಿ’ ಎಂಬುದು ತೆಲುಗು ಪತ್ರಿಕೆಯ ಸಾಮಾನ್ಯ ಸೂಚನೆ. ತೆಲುಗಿನ ‘ಸಮಾಧಾನಂ’ ಎಂದರೆ ಉತ್ತರ. ಕನ್ನಡದ ‘ಸಮಾಧಾನ’ ಎಂದರೆ ಮನಸ್ಸಿನ ನೆಮ್ಮದಿ. ಸಂಶಯವನ್ನು ತೀರಿಸುವುದು ತೆಲುಗಿನ ದಾರಿ, ಮನಸ್ಸನ್ನು ತಣಿಸುವುದು ಕನ್ನಡದ ದಾರಿ, ಮೂಲ ಒಂದೇ. ಹಾಗಾದರೆ ತೆಲುಗಿನ ‘ಉತ್ತರಂ’ ಏನು? ಅದು ಕಾಗದ, ಅಂಚೆಯಲ್ಲಿ ಬರುವ ಪತ್ರ. ‘ಉತ್ತರಂ ವಚ್ಚಿಂದಿ’ ಎಂದರೆ ಕಾಗದ ಬಂದಿದೆ. ಕನ್ನಡದಲ್ಲಿ ‘ಉತ್ತರ ಬಂತು’ ಎಂದರೆ ನಾವು ಮೊದಲು ಬರೆದ ಕಾಗದಕ್ಕೆ ಮರುಮಾತು ಬಂದಿದೆ. ಉತ್ತರ ದಿಕ್ಕು ಮಾತ್ರ ಎರಡು ಕಡೆಯೂ ಒಂದೇ ದಿಕ್ಕಿನಲ್ಲಿದೆ.

ನಮ್ಮ ವೃತ್ತಿಯ ಪದವೇ ಸಾಲದೆ? ಕನ್ನಡದ ‘ಶಿಕ್ಷಣ’ ವಿದ್ಯಾಭ್ಯಾಸ. ತೆಲುಗಿನ ‘ಶಿಕ್ಷಣ’ ತರಬೇತಿ. ಕನ್ನಡದ ಶಿಕ್ಷಕನು ಶಾಲೆಯ ಉಪಾಧ್ಯಾಯ; ತೆಲುಗಿನ ಶಿಕ್ಷಕುಡು ತರಬೇತಿ ಕೊಡುವವನು. ಅರ್ಜಿಯ ನಮೂನೆಯಲ್ಲಿ ‘ಶಿಕ್ಷಣ’ ಎಂಬ ಅಂಕಣವನ್ನು ಕಂಡು ನಮ್ಮ ತರುಣರು ತಾವು ಓದಿದ ತರಗತಿಯನ್ನು ತುಂಬಿದರೆ ಅದು ಅಜ್ಞಾನವಲ್ಲ.

‘ವಿಚಾರ’ ಕನ್ನಡದಲ್ಲಿ ಸಂಗತಿ, ಆಲೋಚನೆ. ತೆಲುಗಿನ ಬಳಕೆಯಲ್ಲಿ ದುಃಖ. ‘ಒಂದು ವಿಚಾರ ಹೇಳಬೇಕು’ ಎಂದು ಬಂದ ಕನ್ನಡಿಗನನ್ನು ತೆಲುಗು ಸ್ನೇಹಿತನು ಮೊದಲೇ ಸಂತೈಸತೊಡಗಿಯಾನು. ‘ಆಲಸ್ಯ’ ಕನ್ನಡದಲ್ಲಿ ಸೋಮಾರಿತನ, ತೆಲುಗಿನಲ್ಲಿ ತಡ. ಬಸ್ಸು ಕೆಟ್ಟು ತಡವಾಗಿ ಬಂದ ಹುಡುಗನು ‘ಆಲಸ್ಯವಾಯಿತು ಸಾರ್’ ಎಂದು ಹೇಳಿ ಬೈಸಿಕೊಂಡರೆ, ಅವನು ಒಪ್ಪಿಕೊಂಡದ್ದು ತಡವಾದುದನ್ನ, ಸೋಮಾರಿತನವನ್ನಲ್ಲ. ‘ಇತಿಹಾಸ’ ಕನ್ನಡದಲ್ಲಿ ಚರಿತ್ರೆ; ತೆಲುಗಿನಲ್ಲಿ ರಾಮಾಯಣ ಮಹಾಭಾರತಗಳಂತಹ ಮಹಾಗ್ರಂಥ. ಚರಿತ್ರೆಯ ಪಾಠಕ್ಕೆ ಅವರು ‘ಚರಿತ್ರ’ ಎನ್ನುತ್ತಾರೆ.

ಪದ ದಾಟಿದ ತೊಡಕುಗಳು

ಕೆಲವು ತಪ್ಪುಗಳು ಪದದಲ್ಲಿ ಇಲ್ಲ, ವ್ಯಾಕರಣದಲ್ಲಿವೆ. ತೆಲುಗಿನ ಏಕವಚನದಲ್ಲಿ ಗಂಡಸಿಗೆ ಒಂದು ಕ್ರಿಯಾರೂಪ, ಮಿಕ್ಕೆಲ್ಲಕ್ಕೂ ಇನ್ನೊಂದು. ‘ಅಮ್ಮ ವಚ್ಚಿಂದಿ’, ‘ಆವು ವಚ್ಚಿಂದಿ’. ತಾಯಿಗೂ ಹಸುವಿಗೂ ಕ್ರಿಯಾಪದ ಒಂದೇ. ಅದರಲ್ಲಿ ಅಗೌರವದ ಸೋಂಕಿಲ್ಲ. ಆ ಅಚ್ಚಿನಲ್ಲಿ ಕನ್ನಡವನ್ನು ಎರೆದಾಗ ‘ನಮ್ಮ ಅಮ್ಮ ಬಂತು’ ಎಂದಾಗುತ್ತದೆ. ಗ್ರಾಂಥಿಕ ಕನ್ನಡದಲ್ಲಿ ಇದು ತಪ್ಪು. ‘ಬಂದಳು’, ‘ಬಂದರು’ ಎನ್ನಬೇಕು. ಆದರೆ ನಮ್ಮ ಹಳ್ಳಿಗಳಲ್ಲೂ ಅಕ್ಕರೆಯಿಂದ ‘ಅಜ್ಜಿ ಬಂತು’ ಎನ್ನುವುದುಂಟಲ್ಲವೇ? ಮಗುವಿಗೆ ಮರ್ಯಾದೆ ಗೊತ್ತಿಲ್ಲವೆಂದು ಗದರುವುದು ನ್ಯಾಯವಲ್ಲ. ಬರೆಯುವ ಕನ್ನಡದ ಪದ್ಧತಿ ಇದು ಎಂದು ತೋರಿಸಿಕೊಟ್ಟರೆ ಸಾಕು.

ಎದುರು ದಿಕ್ಕಿನಲ್ಲಿ ಕನ್ನಡ ಮಗು ತೆಲುಗಿನಲ್ಲಿ ಎಡವುವುದು ‘ನಾವು’ ಎಂಬಲ್ಲಿ. ಕನ್ನಡಕ್ಕೆ ಒಂದೇ ‘ನಾವು’. ತೆಲುಗಿಗೆ ಎರಡು: ಕೇಳುವವನನ್ನೂ ಸೇರಿಸಿಕೊಂಡರೆ ‘ಮನಂ’, ಅವನನ್ನು ಬಿಟ್ಟರೆ ‘ಮೇಮು’. ಅದರಂತೆ ‘ಮನ ಊರು’ ಎಂದರೆ ನಿನ್ನದೂ ನನ್ನದೂ ಆದ ಊರು. ‘ಮಾ ಊರು’ ಎಂದರೆ ನಮ್ಮದು, ನಿನ್ನದಲ್ಲ. ಕನ್ನಡ ಹುಡುಗನು ಒಂದೇ ಊರಿನ, ಒಂದೇ ಬೆಂಚಿನ ತೆಲುಗು ಗೆಳೆಯನಿಗೆ ‘ಮಾ ಬಡಿ’ ಎಂದು ಹೇಳಿದರೆ, ಬೇಕೆಂದೇ ಹೊರಗಿಟ್ಟಂತೆ ಕೇಳಿಸುತ್ತದೆ. ಗಡಿಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ತೆಲುಗು ಕಲಿಸುವ ಮೊದಲ ವಾರದಲ್ಲಿಯೇ ಈ ಭೇದವನ್ನು ತಿಳಿಸುವುದು ಒಳ್ಳೆಯದು.

ಬರವಣಿಗೆಯಲ್ಲಿಯೂ ಒಂದೆರಡು ಗಮನಿಸತಕ್ಕವು. ತೆಲುಗಿನ ಬಹಳಷ್ಟು ಸಂಸ್ಕೃತ ಪದಗಳು ಸೊನ್ನೆಯಿಂದ ಮುಗಿಯುತ್ತವೆ. ಆದುದರಿಂದ ‘ಪುಸ್ತಕಂ’, ‘ಜ್ಞಾನಂ’ ಎಂಬ ರೂಪಗಳು ಕನ್ನಡ ಕಾಪಿಗೆ ನುಸುಳುತ್ತವೆ. ಕನ್ನಡದಲ್ಲಿ ‘ಧರ್ಮ’ ಎಂದು ಬರೆಯುವಾಗ ಅರ್ಕಾವತ್ತು ಮುಂದಿನ ಅಕ್ಷರದ ಬಲಕ್ಕೆ ಬರುತ್ತದೆ. ತೆಲುಗಿನಲ್ಲಿ ರಕಾರವನ್ನು ಮೊದಲು ಬರೆದು ಮಕಾರವನ್ನು ಒತ್ತಾಗಿ ಕೆಳಗಿಡುತ್ತಾರೆ. ತಲಕಟ್ಟು ಕನ್ನಡದಲ್ಲಿ ಅಡ್ಡಗೆರೆಯಂತೆ, ತೆಲುಗಿನಲ್ಲಿ ಮೇಲೆದ್ದ ಗೀಟಿನಂತೆ. ಎರಡನ್ನೂ ಒಂದೇ ದಿನ ಬರೆಯುವ ಕೈ ತಡವರಿಸಿದರೆ ಅದು ಸಹಜ.

ಮೂರನೆಯದಾಗಿ ಇಂಗ್ಲಿಷೂ ಇದೆ. ಅಲ್ಲಿಯ ತೊಡಕು ಬೇರೆ ಬಗೆಯದು. ‘ಸನ್’ ಎಂಬ ಒಂದೇ ಉಚ್ಚಾರಣೆ ಸೂರ್ಯನಿಗೂ ಉಂಟು, ಮಗನಿಗೂ ಉಂಟು. ‘ವೀಕ್’ ವಾರವೂ ಹೌದು, ಬಲಹೀನನೂ ಹೌದು. ಅಲ್ಲಿ ಬರೆಹ ನೋಡಿ ಅರ್ಥ ಬಿಡಿಸಬಹುದು. ಕನ್ನಡ ತೆಲುಗುಗಳಲ್ಲಿ ಬರೆಹವೂ ಒಂದೇ, ಉಚ್ಚಾರಣೆಯೂ ಒಂದೇ. ಭಾಷೆ ಯಾವುದೆಂದು ತಿಳಿದರೆ ಮಾತ್ರ ಅರ್ಥ ಬಿಡುತ್ತದೆ.

ನಾವು ಮಾಡಿದ ಒಂದು ತಪ್ಪು

ಇಲ್ಲಿ ನಮ್ಮದೇ ಒಂದು ಅಪರಾಧವನ್ನು ಹೇಳಿಕೊಳ್ಳದಿದ್ದರೆ ಈ ಲೇಖನ ಅಪೂರ್ಣ. ಹಿಂದೆ ನಾವು ಪಾಠ ಹೇಳುತ್ತಿದ್ದ ತರಗತಿಯ ಹುಡುಗಿಯೊಬ್ಬಳು ರಜೆಯ ಅರ್ಜಿಯಲ್ಲಿ ‘ಅಜ್ಜಿಗೆ ಮೈ ಸರಿಯಿಲ್ಲ, ಮನೆಯಲ್ಲಿ ನನ್ನ ಅವಸರ ಇದೆ’ ಎಂದು ಬರೆದಿದ್ದಳು. ನಾವು ‘ಅವಸರ’ದ ಕೆಳಗೆ ಕೆಂಪು ಗೆರೆ ಎಳೆದು, ತರಗತಿಯ ಮುಂದೆ ಅದನ್ನು ಓದಿ, ‘ಇವಳಿಗೆ ಬಹಳ ಅವಸರವಂತೆ’ ಎಂದೆವು. ಮಕ್ಕಳು ನಕ್ಕರು. ಆಮೇಲೆ ಆ ಹುಡುಗಿ ಪಠ್ಯದಲ್ಲಿದ್ದುದನ್ನು ನಕಲು ಮಾಡಿದಳೇ ಹೊರತು ತನ್ನದೆಂಬ ಒಂದು ವಾಕ್ಯವನ್ನೂ ಬರೆಯಲಿಲ್ಲ. ಮನೆಯಲ್ಲಿ ತನ್ನ ಅಗತ್ಯವಿದೆ ಎಂಬುದು ಅವಳ ಮಾತಾಗಿತ್ತು. ಅದು ತೆಲುಗಿನಲ್ಲಿ ನಿರ್ದುಷ್ಟ ವಾಕ್ಯ. ಅದು ನಮಗೆ ಹೊಳೆದದ್ದು ತಡವಾಗಿ. ತೆಲುಗಿನಲ್ಲಿ ಹೇಳುವುದಾದರೆ ನಮ್ಮದು ಆಲಸ್ಯ, ಕನ್ನಡದಲ್ಲಿ ಹೇಳಿದರೂ ಆಲಸ್ಯವೇ.

ತರಗತಿಯಲ್ಲಿ ಮಾಡಬಹುದಾದುದು

ಮೊದಲನೆಯದಾಗಿ, ತಪ್ಪುಗಳನ್ನು ಎರಡಾಗಿ ವಿಂಗಡಿಸಬೇಕು. ತಿಳಿಯದೆ ಆದ ತಪ್ಪು ಒಂದು. ಇನ್ನೊಂದು ಭಾಷೆ ತಿಳಿದುದರಿಂದ ಆದ ತಪ್ಪು ಮತ್ತೊಂದು. ಎರಡನೆಯದಕ್ಕೆ ಕೆಂಪು ಗೆರೆಯ ಬದಲು ಬೇರೆ ಬಣ್ಣದ ಗುರುತು ಹಾಕಿ, ‘ಇದು ತೆಲುಗಿನಲ್ಲಿ ಸರಿ, ಕನ್ನಡದಲ್ಲಿ ಹೀಗೆ’ ಎಂದು ಪಕ್ಕದಲ್ಲಿ ಬರೆದರೆ ಮಗುವಿನ ಮುಖ ಬಾಡುವುದಿಲ್ಲ.

ಎರಡನೆಯದಾಗಿ, ಚಿಕ್ಕ ಮಕ್ಕಳಿಗೆ ಜೋಡಿ ಪದಗಳನ್ನು ಒಟ್ಟಿಗೇ ಕಲಿಸಬಾರದು. ಒಂದು ಭಾಷೆಯ ಅರ್ಥ ಗಟ್ಟಿಯಾದ ಮೇಲೆ ಇನ್ನೊಂದರದು. ಎರಡನ್ನೂ ಒಂದೇ ದಿನ ಹೇಳಿದರೆ, ಇಲ್ಲದಿದ್ದ ಗೊಂದಲವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಐದನೆಯ ತರಗತಿಯ ಮೇಲ್ಪಟ್ಟವರಿಗೆ ಹೋಲಿಕೆ ತೋರಿಸಬಹುದು. ಅವರಿಗೆ ಅದು ಆಟವಾಗಿ ರುಚಿಸುತ್ತದೆ.

ಮೂರನೆಯದಾಗಿ, ಪದಪಟ್ಟಿಯನ್ನು ಬಾಯಿಪಾಠ ಮಾಡಿಸದೆ ವಾಕ್ಯಗಳಲ್ಲಿ ಕಲಿಸಬೇಕು. ‘ಕೆರೆ ಕೋಡಿ ಬಿತ್ತು’, ‘ಕೋಡಿ ಗುಡ್ಡು ಪೆಟ್ಟಿಂದಿ’ ಎಂಬ ಎರಡು ವಾಕ್ಯಗಳನ್ನು ಒಮ್ಮೆ ಬರೆದ ಮಗು ಕೋಡಿಯನ್ನು ಮರೆಯದು. ಎರಡನೆಯ ವಾಕ್ಯಕ್ಕೆ ಕೋಳಿ ಮೊಟ್ಟೆ ಇಟ್ಟಿತು ಎಂದು ಅರ್ಥ. ಪೆಟ್ಟು ತಿಂದವರು ಯಾರೂ ಇಲ್ಲ.

ನಾಲ್ಕನೆಯದಾಗಿ, ಶಾಲೆಗೊಂದು ಜೋಡಿಪದಗಳ ಪುಸ್ತಕವಿರಲಿ. ನಾಲ್ಕು ಅಂಕಣಗಳು ಸಾಕು: ಪದ, ಕನ್ನಡದ ಅರ್ಥ, ತೆಲುಗಿನ ಅರ್ಥ, ಎರಡಕ್ಕೂ ಒಂದೊಂದು ವಾಕ್ಯ. ಅದನ್ನು ತುಂಬಿಸಬೇಕಾದವರು ಮಕ್ಕಳೇ. ಅಜ್ಜಿಯಿಂದ, ಅಂಗಡಿಯಿಂದ, ಸಂತೆಯಿಂದ ಅವರು ತರುವ ಪದಗಳು ನಮ್ಮ ನಿಘಂಟುಗಳಲ್ಲಿಯೂ ಇರಲಾರವು. ಕನ್ನಡ ಮನೆಯ ಮಗುವನ್ನೂ ತೆಲುಗು ಮನೆಯ ಮಗುವನ್ನೂ ಜೊತೆಮಾಡಿ ಈ ಕೆಲಸ ಕೊಟ್ಟರೆ ಇಬ್ಬರೂ ಉಪಾಧ್ಯಾಯರಾಗುತ್ತಾರೆ.

ಐದನೆಯದಾಗಿ, ಕಚೇರಿ, ಆಸ್ಪತ್ರೆ, ಪರೀಕ್ಷೆಗಳಲ್ಲಿ ಎದುರಾಗುವ ತೆಲುಗು ಪದಗಳನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಬೇರೆಯಾಗಿಯೇ ತಿಳಿಸಬೇಕು. ಅವಸರಂ, ಸಮಾಧಾನಂ, ಉತ್ತರಂ, ಶಿಕ್ಷಣ, ಆಲಸ್ಯಂ, ವಿಚಾರಂ, ಪನ್ನು: ಈ ಏಳು ಪದಗಳನ್ನು ಅರಿತರೂ ನಮ್ಮ ಹುಡುಗರು ಅನೇಕ ಕಡೆ ನಗೆಪಾಟಲಾಗುವುದು ತಪ್ಪುತ್ತದೆ.

ಕನ್ನಡದಲ್ಲಿ ಓದಿದರೆ ತೆಲುಗಿನಲ್ಲಿ ಹಿಂದೆ ಬೀಳುತ್ತಾರೆ, ಎರಡನ್ನೂ ಕಲಿತರೆ ಎರಡೂ ಕೆಡುತ್ತವೆ ಎಂಬ ಭಯ ನಮ್ಮ ತಂದೆತಾಯಿಗಳಲ್ಲಿದೆ. ಮಗುವಿನ ಒಂದು ‘ಅವಸರ’ವನ್ನು ನೋಡಿ ಆ ಭಯ ನಿಜವೆಂದು ಅವರು ತಿಳಿಯುತ್ತಾರೆ, ಕನ್ನಡ ಶಾಲೆಯ ಒಂದು ಬೆಂಚು ಬರಿದಾಗುತ್ತದೆ. ಈ ಜಿಲ್ಲೆಯ ಕಂಬದೂರು ಸೀಮೆಯ ರಾಳ್ಲಪಲ್ಲಿಯಲ್ಲಿ ೧೮೯೩ರಲ್ಲಿ ಹುಟ್ಟಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲಿಯೂ ಗ್ರಂಥಗಳನ್ನು ಬರೆದರು. ಎರಡು ನುಡಿಗಳು ಅವರನ್ನು ಕೆಡಿಸಲಿಲ್ಲ. ಎಲ್ಲರೂ ಶರ್ಮರಾಗಬೇಕಿಲ್ಲ, ಎರಡು ನುಡಿ ಬಲ್ಲವನಿಗೆ ಒಂದು ನುಡಿ ಬಲ್ಲವನಿಗಿಂತ ಹೆಚ್ಚು ತಿಳಿದಿದೆ ಎಂಬುದನ್ನು ತಂದೆತಾಯಿಗಳಿಗೆ ತೋರಿಸಿಕೊಡುವಷ್ಟು ಕೆಲಸ ನಮ್ಮದು.

ಕೊನೆಯದಾಗಿ ಒಂದು ಜೋಡಿ. ಕನ್ನಡದ ‘ಎಲ್ಲೆ’ಗೆ ತೆಲುಗಿನಲ್ಲಿ ‘ಎಲ್ಲ’ ಎನ್ನುತ್ತಾರೆ. ಗಡಿ ಎಂದು ಅರ್ಥ. ಕನ್ನಡದಲ್ಲಿ ‘ಎಲ್ಲ’ ಎಂದರೆ ಸಮಸ್ತವೂ. ಜೋಡಿಪದಗಳ ಪುಸ್ತಕದ ಮೊದಲ ಸಾಲಿಗೆ ಈ ಪದವನ್ನು ಬರೆಸಬಹುದು. ಉಳಿದುದನ್ನು ಮಕ್ಕಳು ತುಂಬಿಸಲಿ.